ಮಂಡಿ ಸರ್ಜರಿ ನಂತರದ ಇಎಂಜಿ: ಸೋಮವಾರ 180, ಗುರುವಾರ 110 ಮೈಕ್ರೋವೋಲ್ಟ್. ಯಾವುದನ್ನು ನಂಬೋದು?

ಫಿಸಿಯೋ_ಪಿಜಿ:
ಎಸಿಎಲ್ (ಮಂಡಿಯೊಳಗಿನ ಲಿಗಮೆಂಟ್) ರೀಕನ್‌ಸ್ಟ್ರಕ್ಷನ್ ಆಗಿ 8 ವಾರವಾದ ಪೇಷಂಟ್. ಮಂಡಿಯ ಅಡಿಗೆ ಟವೆಲ್ ಸುರುಳಿ ಇಟ್ಟು ಒತ್ತಿಸುವ ಕ್ವಾಡ್ ಸೆಟ್‌ನಲ್ಲಿ ವಿಎಂಒ (ತೊಡೆ ಮುಂಭಾಗದ ಕ್ವಾಡ್ರಿಸೆಪ್ಸ್ ಸ್ನಾಯುವಿನ ಒಳಬದಿಯ ಭಾಗ) ಮತ್ತು ವಾಸ್ಟಸ್ ಲ್ಯಾಟರಾಲಿಸ್ (ಅದರ ಹೊರಬದಿಯ ಭಾಗ) ಎರಡರ ಸರ್ಫೇಸ್ ಇಎಂಜಿ, ಅಂದರೆ ಚರ್ಮದ ಮೇಲಿನಿಂದ ಅಳೆಯುವ ಸ್ನಾಯುವಿನ ವಿದ್ಯುತ್ ಸಿಗ್ನಲ್, ತೆಗೆಯುತ್ತಿದ್ದೇನೆ. ವಿಎಂಒ ಆರ್‌ಎಂಎಸ್ (ಸಿಗ್ನಲ್‌ನ ಒಂದು ಬಗೆಯ ಸರಾಸರಿ ಗಾತ್ರ) ಸೋಮವಾರ 180 ಮೈಕ್ರೋವೋಲ್ಟ್ ಬಂತು, ಗುರುವಾರ ಅದೇ ವ್ಯಾಯಾಮಕ್ಕೆ 110. ವ್ಯಾಯಾಮ ಮಾಡಿಸಿಯೂ ಸ್ನಾಯು ಸೊರಗಿತೇ? ಜೊತೆಗೆ ಪೇಷಂಟ್ ಸುಮ್ಮನೆ ಮಲಗಿದ್ದಾಗಲೂ ಗೆರೆ ದಪ್ಪಗೆ ನಡುಗುತ್ತಿರುತ್ತದೆ. ಇರೋದು ಚಿಕ್ಕ ಇಎಂಜಿ ಮಾಡ್ಯೂಲ್, ಆರ್ಡುಯಿನೋ ಊನೋ (ಚಿಕ್ಕ ಮೈಕ್ರೋಕಂಟ್ರೋಲರ್ ಬೋರ್ಡ್), ಲ್ಯಾಪ್‌ಟಾಪ್. ಲ್ಯಾಪ್‌ಟಾಪ್‌ಗೆ ಡೇಟಾ ಕಳಿಸುವ ಸೀರಿಯಲ್ ವೇಗ ಸೆಕೆಂಡಿಗೆ 9600 ಬಿಟ್. ಎಲೆಕ್ಟ್ರೋಡ್ ಇಸಿಜಿಗೆ ಬಳಸುವ ಫೋಮ್‌ನವು.

ನಡಿಗೆ_ಲ್ಯಾಬ್:
ಈ ಅಂಕಿಗಳಿಂದ ಹಾಗೆನ್ನಲಾಗದು. ಬೇರೆ ಬೇರೆ ದಿನ ಅಂಟಿಸಿದ ಎಲೆಕ್ಟ್ರೋಡ್‌ಗಳ ಮೈಕ್ರೋವೋಲ್ಟನ್ನು ನೇರವಾಗಿ ಹೋಲಿಸಲು ಬರುವುದೇ ಇಲ್ಲ. ಎಲೆಕ್ಟ್ರೋಡ್ ಒಂದು ಸೆಂಟಿಮೀಟರ್ ಸರಿದರೂ ಅಂಕಿ ಬದಲಾಗುತ್ತದೆ. ಚರ್ಮದ ಸ್ಥಿತಿ, ಅಡಿಯ ಕೊಬ್ಬು, ಮಂಡಿಯ ಬಾವು ಎಲ್ಲವೂ ಅದನ್ನು ಏರಿಳಿಸುತ್ತವೆ. ಎಡಗಾಲು, ಬಲಗಾಲಿನ ಮೈಕ್ರೋವೋಲ್ಟ್ ಹೋಲಿಸುವುದೂ ಇದೇ ತಪ್ಪು.

ಜಾಗ ಕಣ್ಣಂದಾಜಿನಲ್ಲಿ ಬೇಡ, ಟೇಪ್ ಹಿಡಿಯಿರಿ. ಸೆನಿಯಾಮ್ (ಸರ್ಫೇಸ್ ಇಎಂಜಿಯ ಯುರೋಪಿಯನ್ ಮಾರ್ಗಸೂಚಿ) ಶಿಫಾರಸಿನ ಪ್ರಕಾರ ವಿಎಂಒಗೆ ಸೊಂಟದ ಮುಂದಿನ ಮೂಳೆಮೊನೆ ಎಎಸ್‌ಐಎಸ್‌ನಿಂದ ಮಂಡಿಯ ಒಳಬದಿಯ ಕೀಲುಸಂದಿನವರೆಗೆ ಅಳೆದು 80%ರಲ್ಲಿ ಗುರುತು ಹಾಕಬೇಕು. ಉದ್ದ 45 ಸೆಂ.ಮೀ. ಇದ್ದರೆ ಮೇಲಿನಿಂದ 36. ಅಲ್ಲಿ ಎಲೆಕ್ಟ್ರೋಡ್ ಜೋಡಿ ಆ ಗೆರೆಗೆ ಹೆಚ್ಚುಕಡಿಮೆ ಅಡ್ಡಡ್ಡವಾಗಿ ಕೂರಬೇಕು. ತೊಡೆಯುದ್ದಕ್ಕೆ ನೇರ ಅಂಟಿಸುವವರೇ ಜಾಸ್ತಿ, ವಿಎಂಒ ನಾರುಗಳು ಓರೆಯಾಗಿ ಓಡುವುದು ಮರೆತುಹೋಗಿರುತ್ತದೆ. ಲ್ಯಾಟರಾಲಿಸ್‌ಗೆ ಎಎಸ್‌ಐಎಸ್‌ನಿಂದ ಮಂಡಿಚಿಪ್ಪಿನ ಹೊರಅಂಚಿನವರೆಗಿನ ಗೆರೆಯ ಮೂರನೇ ಎರಡು ಭಾಗ.

ಎರಡು ಎಲೆಕ್ಟ್ರೋಡ್‌ಗಳ ನಡುಮಧ್ಯೆಯ ಅಂತರ 20 ಮಿ.ಮೀ. ಇಸಿಜಿ ಎಲೆಕ್ಟ್ರೋಡಿನ ಫೋಮ್ ಅಗಲವಾದ್ದರಿಂದ ಒಂದು ಬದಿಯ ಅಂಚನ್ನು ಕತ್ತರಿಸಿ ಹತ್ತಿರ ತನ್ನಿ. ಕತ್ತರಿ ಜೆಲ್‌ಗೆ ತಾಗಬಾರದು. ಜೆಲ್ ಒಂದಕ್ಕೊಂದು ಬೆರೆತರೆ ಎರಡೂ ಸೇರಿ ಒಂದೇ ಎಲೆಕ್ಟ್ರೋಡ್ ಆದಂತೆ, ಸಿಗ್ನಲ್ ಕುಸಿಯುತ್ತದೆ. ಅಂಟಿಸುವ ಮೊದಲು ಕೂದಲು ಬೋಳಿಸಿ, ಸ್ಪಿರಿಟ್ ಹತ್ತಿಯಿಂದ ಚರ್ಮ ತುಸು ಕೆಂಪಾಗುವವರೆಗೆ ಉಜ್ಜಿ, ಪೂರ್ತಿ ಒಣಗಲು ಬಿಡಿ. ಸ್ಪಿರಿಟ್ ಹಸಿ ಇರುವಾಗಲೇ ಅಂಟಿಸಿದರೆ ಹತ್ತು ನಿಮಿಷದಲ್ಲಿ ಅಂಚು ಏಳುತ್ತದೆ.

ಮುಂದಿನ ಸಲ ಅದೇ ಜಾಗ ಸಿಗಬೇಕೆಂದರೆ ತೊಡೆಯ ಮೇಲೆ ಪಾರದರ್ಶಕ ಓಎಚ್‌ಪಿ ಹಾಳೆ ಹರಡಿ, ಮಚ್ಚೆ, ಹೊಲಿಗೆ ಕಲೆ, ಮಂಡಿಚಿಪ್ಪಿನ ಅಂಚು, ಎಲೆಕ್ಟ್ರೋಡ್ ಜಾಗ ಎಲ್ಲವನ್ನೂ ಮಾರ್ಕರ್‌ನಿಂದ ನಕಲಿಳಿಸಿ ಫೈಲಿನಲ್ಲಿಡಿ.

ಸರ್ಕ್ಯೂಟ್_ಕಟ್ಟೆ:
ಗೆರೆ ನಡುಗುವುದು ಬಹುತೇಕ 50 ಹರ್ಟ್ಜ್ ಕರೆಂಟ್‌ನದು. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತುಬಿಡಿ. ಇದು ನಾಯ್ಸ್‌ಗಷ್ಟೇ ಅಲ್ಲ, ಸುರಕ್ಷತೆಗೂ ಬೇಕು. ಇಂಥ ಮಾಡ್ಯೂಲ್‌ಗಳಲ್ಲಿ ಸಾಮಾನ್ಯವಾಗಿ ಐಸೊಲೇಷನ್ (ಮೇನ್ಸ್ ಕರೆಂಟ್ ಪೇಷಂಟ್‌ಗೆ ತಲುಪದಂತೆ ತಡೆಯುವ ವ್ಯವಸ್ಥೆ) ಇರುವುದಿಲ್ಲ, ಹಾಗಾಗಿ ಪೇಷಂಟ್ ಮೈಮೇಲೆ ಎಲೆಕ್ಟ್ರೋಡ್ ಇರುವಾಗ ಬ್ಯಾಟರಿ ಬಿಟ್ಟು ಬೇರೆ ಯಾವುದರಲ್ಲೂ ಓಡಿಸಬೇಡಿ. ನಂತರ ರೆಫರೆನ್ಸ್ ಎಲೆಕ್ಟ್ರೋಡ್ ಒಣಗಿದೆಯೇ ನೋಡಿ, ಮೂಳೆ ಇರುವ ಕಡೆ, ಮೊಣಕಾಲ ಕೆಳಗಿನ ಉಬ್ಬಿಗೋ ಪಾದದ ಗಂಟಿಗೋ ಹಾಕಿ. ವೈರುಗಳನ್ನು ಒಟ್ಟಿಗೆ ಹೊಸೆದು ತೊಡೆಗೆ ಟೇಪ್ ಹೊಡೆಯಿರಿ. ಪಕ್ಕದ ಬೆಡ್‌ನಲ್ಲಿ ಎಸ್‌ಡಬ್ಲ್ಯುಡಿ (ಶಾರ್ಟ್‌ವೇವ್ ಡಯಾಥರ್ಮಿ ಎಂಬ ಶಾಖ ಚಿಕಿತ್ಸೆಯ ಯಂತ್ರ) ಓಡುತ್ತಿದ್ದರೆ ಅದು 27.12 ಮೆಗಾಹರ್ಟ್ಜ್ ಚೆಲ್ಲುತ್ತಿರುತ್ತದೆ. ಅದು ನಿಂತ ಮೇಲೆ ರೆಕಾರ್ಡ್ ಮಾಡಿ.

ದೊಡ್ಡ ತಪ್ಪು ಆ 9600. ಒಂದು ಬೈಟ್ ಕಳಿಸಲು 10 ಬಿಟ್ ಬೇಕಾದ್ದರಿಂದ ಅದರಲ್ಲಿ ಸೆಕೆಂಡಿಗೆ 960 ಬೈಟ್ ಮಾತ್ರ ಹೋಗುತ್ತದೆ. ಮೂರಂಕಿಯ ಒಂದು ರೀಡಿಂಗ್‌ಗೆ ಸಾಲಿನ ಕೊನೆಯ ಎರಡು ಬೈಟ್ ಸೇರಿ 5 ಬೈಟ್, ಅಂದರೆ ಸೆಕೆಂಡಿಗೆ 192 ಸ್ಯಾಂಪಲ್. ಇಎಂಜಿ ಹೆಚ್ಚುಕಡಿಮೆ 450 ಹರ್ಟ್ಜ್‌ವರೆಗೂ ಇರುವಾಗ ಇದರಿಂದ ಬರೋದು ಅಲಿಯಾಸಿಂಗ್ ಆದ (ಸ್ಯಾಂಪಲ್ ಸಾಲದೆ ಹೆಚ್ಚಿನ ಆವರ್ತನಗಳು ಕಡಿಮೆಯವಂತೆ ತೋರುವ) ಕಲಬೆರಕೆ. 115200ಕ್ಕೆ ಏರಿಸಿ, ಟೈಮರ್ ಇಂಟರಪ್ಟ್‌ನಲ್ಲಿ ಸೆಕೆಂಡಿಗೆ 1000 ಸ್ಯಾಂಪಲ್ ತೆಗೆಯಿರಿ. ಮಾಡ್ಯೂಲ್‌ನ ಎನ್ವಲಪ್ (ನಯಗೊಳಿಸಿದ ಸಿಗ್ನಲ್) ಪಿನ್ ಅಲ್ಲ, ರಾ (ಮೂಲ ಸಿಗ್ನಲ್) ಪಿನ್ ಬಳಸಿ. ಆಮೇಲೆ 20–450 ಹರ್ಟ್ಜ್ ಬ್ಯಾಂಡ್‌ಪಾಸ್ (ಆ ವ್ಯಾಪ್ತಿಯನ್ನಷ್ಟೇ ಉಳಿಸುವ ಫಿಲ್ಟರ್), ಜೊತೆಗೊಂದು 50 ಹರ್ಟ್ಜ್ ನಾಚ್ (ಆ ಒಂದು ಆವರ್ತನವನ್ನು ತೆಗೆಯುವ ಫಿಲ್ಟರ್).

ನಡಿಗೆ_ಲ್ಯಾಬ್:
ನಾಚ್ ವಿಷಯ ಒಪ್ಪಲಾರೆ. ಇಎಂಜಿಯ ಶಕ್ತಿ ಹೆಚ್ಚಾಗಿರುವುದೇ 50ರಿಂದ 150 ಹರ್ಟ್ಜ್ ನಡುವೆ. ನಾಚ್ ಹಾಕಿದರೆ ಕರೆಂಟಿನ ಜೊತೆ ಸ್ನಾಯುವಿನ ಸಿಗ್ನಲ್ಲೂ ಹೋಗುತ್ತದೆ. ಚರ್ಮ, ವೈರು, ರೆಫರೆನ್ಸ್ ಸರಿಮಾಡಿ ನಾಯ್ಸನ್ನು ಬುಡದಲ್ಲೇ ಇಳಿಸೋದು ಮೇಲು.

ಫಿಸಿಯೋ_ಪಿಜಿ:
ಚಾರ್ಜರ್ ಕಿತ್ತ ತಕ್ಷಣ ಗೆರೆ ತೆಳುವಾಯಿತು. ನಾರ್ಮಲೈಸ್ ಮಾಡಲು, ಅಂದರೆ ಗರಿಷ್ಠದ ಶೇಕಡಾವಾರು ಹೇಳಲು, ಎಂವಿಸಿ (ಸ್ವಇಚ್ಛೆಯ ಗರಿಷ್ಠ ಬಿಗಿತ) ಬೇಕಲ್ಲ, ಆದರೆ 8 ವಾರಕ್ಕೆ ಪೂರ್ತಿ ಬಲ ಹಾಕಿಸಬಹುದೇ?

ಮಂಡಿಚಿಪ್ಪು:
ಸರ್ಜನ್ ಒಪ್ಪಿಗೆಯಿಲ್ಲದೆ ಬೇಡ. ಒಪ್ಪಿದರೂ ಮಂಡಿ ನೇರವಾಗಿರುವಾಗ ಬೇಡ. ಸಣ್ಣ ಕೋನಗಳಲ್ಲಿ ಕ್ವಾಡ್ರಿಸೆಪ್ಸ್ ಒಂದೇ ಬಿಗಿದರೆ ಟಿಬಿಯಾ (ಮೊಣಕಾಲ ಕೆಳಗಿನ ದೊಡ್ಡ ಮೂಳೆ) ಮುಂದಕ್ಕೆ ಎಳೆದು ಗ್ರಾಫ್ಟ್ (ಸರ್ಜರಿಯಲ್ಲಿ ಕೂರಿಸಿದ ಹೊಸ ಲಿಗಮೆಂಟ್) ಜಗ್ಗುತ್ತದೆ. 90 ಡಿಗ್ರಿ ಹತ್ತಿರ ಮಡಿಸಿ ಕೂರಿಸಿ, ಬೆಲ್ಟ್ ಕಟ್ಟಿ, ನಿಧಾನಕ್ಕೆ ಬಲ ಏರಿಸಿ 5 ಸೆಕೆಂಡ್ ಹಿಡಿಸಿ. ಮೂರು ಸಲ, ನಡುವೆ 2 ನಿಮಿಷ ವಿರಾಮ.

ಆದರೆ ಮೂಲ ತೊಡಕು ಬೇರೆ ಇದೆ. ಬಾವು, ನೋವು ಇರುವ ಮಂಡಿಯಲ್ಲಿ ಬೆನ್ನುಹುರಿಯ ಮಟ್ಟದಲ್ಲೇ ಕ್ವಾಡ್ರಿಸೆಪ್ಸ್‌ಗೆ ಹೋಗುವ ಆಜ್ಞೆ ತಡೆಯಲ್ಪಡುತ್ತದೆ. ಪೇಷಂಟ್ ಎಷ್ಟೇ ಮನಸ್ಸು ಮಾಡಿದರೂ ನಿಜವಾದ ಗರಿಷ್ಠ ಬರುವುದಿಲ್ಲ. ಕುಗ್ಗಿದ ಗರಿಷ್ಠದಿಂದ ಭಾಗಿಸಿದರೆ ಸಾಧಾರಣ ಕ್ವಾಡ್ ಸೆಟ್ಟೂ 90% ಎಂದು ತೋರಿ ಎಲ್ಲರನ್ನೂ ಖುಷಿಪಡಿಸುತ್ತದೆ.

ಇದಕ್ಕೆ ಬದಲಾಗಿ ಬಳಸುವ ಸಬ್‌ಮ್ಯಾಕ್ಸಿಮಲ್ (ಪೂರ್ತಿ ಬಲ ಹಾಕದ) ರೆಫರೆನ್ಸ್‌ಗೂ, ಉದಾಹರಣೆಗೆ ಕಾಲು ನೇರ ಎತ್ತಿ 5 ಸೆಕೆಂಡ್ ಹಿಡಿಯುವುದಕ್ಕೂ, ಮಿತಿಯಿದೆ. ಸ್ನಾಯು ಬಲವಾದಂತೆ ಅದೇ ತೂಕಕ್ಕೆ ಕಡಿಮೆ ಇಎಂಜಿ ಸಾಕಾಗುತ್ತದೆ, ಛೇದವೇ ವಾರದಿಂದ ವಾರಕ್ಕೆ ಸರಿಯುತ್ತದೆ. ಆದ್ದರಿಂದ ವಾರಗಳ ಪ್ರಗತಿಗೆ ಡೈನಮೋಮೀಟರ್‌ನಲ್ಲಿ ಬಲ ಅಳೆಯಿರಿ. ಇಎಂಜಿಯನ್ನು ಅದೇ ದಿನದೊಳಗಿನ ಪ್ರಶ್ನೆಗೆ ಮೀಸಲಿಡಿ: ಟವೆಲ್ ಎತ್ತರ ಬದಲಿಸಿದಾಗ ವಿಎಂಒ ಏರಿತೇ, ಮಿನಿ ಸ್ಕ್ವಾಟ್‌ಗಿಂತ ಕ್ವಾಡ್ ಸೆಟ್ ಹೆಚ್ಚು ಎಬ್ಬಿಸಿತೇ, ಹೀಗೆ. ಎಲೆಕ್ಟ್ರೋಡ್ ಮಾತ್ರ ನಡುವೆ ಕೀಳಬಾರದು.

ಬಯೋಫೀಡ್‌ಬ್ಯಾಕ್‌ಗಾದರೆ (ಪೇಷಂಟ್‌ಗೆ ತನ್ನದೇ ಸಿಗ್ನಲ್ ತೋರಿಸಿ ವ್ಯಾಯಾಮ ಮಾಡಿಸಲು) ಆ ದಿನದ ಮೊದಲ ಐದು ಕ್ವಾಡ್ ಸೆಟ್‌ಗಳ ಸರಾಸರಿ ತೆಗೆದು, ಅದಕ್ಕಿಂತ ತುಸು ಮೇಲೆ ಪರದೆಯಲ್ಲಿ ಗೆರೆ ಎಳೆಯಿರಿ. ಹತ್ತರಲ್ಲಿ ಎಂಟು ಸಲ ದಾಟಿದರೆ ಗೆರೆ ಏರಿಸಿ. ಹಿಮ್ಮಡಿ ಹಾಸಿಗೆಗೆ ಒತ್ತಿ ಹ್ಯಾಮ್‌ಸ್ಟ್ರಿಂಗ್‌ನಿಂದಲೇ ಕೆಲಸ ಸಾಗಿಸುತ್ತಿದ್ದಾರೋ ಎಂದು ತೊಡೆಯ ಹಿಂಭಾಗದಲ್ಲಿ ಕೈಯಿಟ್ಟು ನೋಡುತ್ತಿರಿ. ಎರಡೇ ಚಾನೆಲ್‌ನಲ್ಲಿ ಅದು ಕಾಣಿಸುವುದಿಲ್ಲ.