ಸೀಬಾರ್ನ್: ಒಂದು ಗ್ರಾಫಲ್ಲಿ ಗಂಗಾವತಿ ನೀಲಿ, ಇನ್ನೊಂದರಲ್ಲಿ ಕುಷ್ಟಗಿ ನೀಲಿ

ಮಳೆಲೆಕ್ಕ_ಕೊಪ್ಪಳ:
ನಮಸ್ಕಾರ ಎಲ್ಲರಿಗೂ. ಕೊಪ್ಪಳ ಜಿಲ್ಲೆಯ ತಾಲೂಕುವಾರು ಮಳೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ವರ್ಷಕ್ಕೊಂದು ಗ್ರಾಫ್ ಮಾಡುತ್ತಿದ್ದೇನೆ. ಬಳಸುತ್ತಿರುವುದು ಪೈಥಾನ್ ಭಾಷೆ, ಅದರಲ್ಲಿ ಗ್ರಾಫ್ ಬಿಡಿಸುವ ಲೈಬ್ರರಿ ಸೀಬಾರ್ನ್. ಒಂದು ವರ್ಷ ಗಂಗಾವತಿಗೆ ಬಂದ ನೀಲಿ ಮುಂದಿನ ವರ್ಷ ಕುಷ್ಟಗಿಗೆ ಹೋಗಿಬಿಡುತ್ತದೆ. ಕನಕಗಿರಿ, ಕಾರಟಗಿ, ಕುಕನೂರು ತಾಲೂಕಾಗುವ ಮುಂಚಿನ ವರ್ಷಗಳಲ್ಲಿ 4 ಗೆರೆ, ಆಮೇಲೆ 7, ಹಾಗಾಗಿ ಇನ್ನೂ ಗೊಂದಲ. ಎರಡನೇದು, ವಾಡಿಕೆ ಮಳೆಗಿಂತ ಶೇಕಡಾ ಎಷ್ಟು ಹೆಚ್ಚು ಕಡಿಮೆ ಅಂತ ಕೆಂಪು-ಹಸಿರು ಹೀಟ್‌ಮ್ಯಾಪ್ (ಅಂಕಿಗೆ ತಕ್ಕ ಬಣ್ಣ ತುಂಬಿದ ಚೌಕಗಳ ಚಿತ್ರ) ಹಾಕಿದರೆ ಕೊರತೆ ಇರುವ ತಾಲೂಕೂ ತಿಳಿ ಹಸಿರಾಗಿ ಕಾಣುತ್ತಿದೆ. ರೈತರ ಮುಂದೆ ಇಡುವ ಚಿತ್ರ, ಯಾರೂ ತಪ್ಪಾಗಿ ಓದಬಾರದು.

ಹತ್ತಿ_ರಾಯಚೂರು:
ನೀವೇನೂ ಹೇಳದಿದ್ದರೆ ಸೀಬಾರ್ನ್ ಹೆಸರು ನೋಡಲ್ಲ, ಸರತಿ ನೋಡುತ್ತೆ. ಡೇಟಾದಲ್ಲಿ ಮೊದಲು ಬಂದವರಿಗೆ ಮೊದಲ ಬಣ್ಣ, ಅಷ್ಟೇ. ತಾಲೂಕಿನ ಹೆಸರು, ಅದರ ಎದುರು ಬಣ್ಣದ ಕೋಡ್, ಹೀಗೆ ಏಳಕ್ಕೂ ಸೇರಿ ಒಂದೇ ಡಿಕ್ಷನರಿ ಮಾಡಿ, ಎಲ್ಲ ಗ್ರಾಫ್‌ಗೂ ಅದನ್ನೇ ಪ್ಯಾಲೆಟ್ (ಬಣ್ಣಗಳ ಪಟ್ಟಿ) ಅಂತ ಕೊಡಿ. 4 ತಾಲೂಕಿನ ವರ್ಷದಲ್ಲಿ ಉಳಿದ ಮೂರು ಸುಮ್ನೆ ಇರುತ್ತವೆ, ತೊಂದರೆ ಇಲ್ಲ. ಡಿಕ್ಷನರಿಯಲ್ಲಿ ಇಲ್ಲದ ಹೆಸರು ಡೇಟಾದಲ್ಲಿ ಬಂದರೆ ಮಾತ್ರ ಎರರ್. ಒಂದು ಫೈಲಲ್ಲಿ ಯಲಬುರ್ಗಾ, ಇನ್ನೊಂದರಲ್ಲಿ ಯಲಬುರ್ಗ ಅಂತಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ, ಅದು ಒಳ್ಳೆಯದೇ. ಬಣ್ಣಗಳನ್ನು ಸೀಬಾರ್ನ್‌ನ 'ಕಲರ್‌ಬ್ಲೈಂಡ್' ಪ್ಯಾಲೆಟ್‌ನಿಂದ ತಗೊಳ್ಳಿ. 10 ಇವೆ, ಹಳದಿ ಮತ್ತು ತಿಳಿ ಗುಲಾಬಿ ಬಿಡಿ, ಬಿಳಿ ಹಿನ್ನೆಲೆ ಮೇಲೆ ಆ ಗೆರೆಗಳು ಸರಿಯಾಗಿ ಕಾಣಲ್ಲ.

ಬಳ್ಳಾರಿ_ಡೇಟಾ:
ಹೀಟ್‌ಮ್ಯಾಪ್ ಬಗ್ಗೆ ನಾನು ಹೇಳುತ್ತೇನೆ. ನಿಮ್ಮ ಅಂಕಿ -90ರಿಂದ +20ರವರೆಗೆ ಇದೆ ಅಂತಿಟ್ಟುಕೊಳ್ಳಿ, ಬಣ್ಣದ ನಡುಭಾಗ -35ಕ್ಕೆ ಬೀಳುತ್ತದೆ, ಆಗ -20 ಇರುವ ತಾಲೂಕು ಹಸಿರು ಕಡೆ ಹೋಗದೆ ಇನ್ನೇನು ಮಾಡೀತು? ಸೆಂಟರ್, ಅಂದರೆ ಬಣ್ಣದ ನಡುಭಾಗ, 0 ಅಂತ ಕೊಡಿ. ಕನಿಷ್ಠ -100, ಗರಿಷ್ಠ 100 ಅಂತ ಎಲ್ಲ ವರ್ಷಕ್ಕೂ ಒಂದೇ ಅಳತೆ ಇಡಿ, ಇಲ್ಲದಿದ್ದರೆ ಎರಡು ವರ್ಷ ಪಕ್ಕ ಪಕ್ಕ ಇಟ್ಟು ನೋಡೋಕಾಗಲ್ಲ. ಕೆಂಪು-ಹಸಿರು ಬಿಟ್ಟುಬಿಡಿ, ಆ ಎರಡರ ವ್ಯತ್ಯಾಸ ಗೊತ್ತಾಗದವರು ಗಂಡಸರಲ್ಲೇ ಜಾಸ್ತಿ. ಸೀಬಾರ್ನ್‌ಗೆ ತಳಹದಿಯಾದ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ 'ಬಿಆರ್‌ಬಿಜಿ' ಅಂತ ಕಲರ್‌ಮ್ಯಾಪ್ (ಯಾವ ಅಂಕಿಗೆ ಯಾವ ಬಣ್ಣ ಅನ್ನೋ ಸಾಲು) ಇದೆ, ಒಂದು ಕಡೆ ಕಂದು, ಇನ್ನೊಂದು ಕಡೆ ನೀಲಿಹಸಿರು. ಒಣಗಿದ ನೆಲ, ಮಳೆ ಬಿದ್ದ ನೆಲ ಅಂತ ಯಾರಿಗಾದರೂ ನೋಡಿದ ಕೂಡಲೇ ತಿಳಿಯುತ್ತದೆ.

ಹತ್ತಿ_ರಾಯಚೂರು:
ರೈತರಿಗಾದರೆ ಇನ್ನೂ ಸರಳ ಮಾಡಬಹುದು, ಅಲ್ವಾ? ಹವಾಮಾನ ಇಲಾಖೆ ±19% ಒಳಗಿದ್ದರೆ ವಾಡಿಕೆ ಅನ್ನುತ್ತದೆ, -20ರಿಂದ -59 ಕೊರತೆ, -60 ಅಥವಾ ಅದಕ್ಕಿಂತ ಕೆಳಗೆ ತೀವ್ರ ಕೊರತೆ, ಹೆಚ್ಚಿನ ಕಡೆಗೂ ಹೀಗೇ. ನಾವೇ ಬಣ್ಣ ಆರಿಸಿ ಕೊಡುವ ಲಿಸ್ಟೆಡ್ ಕಲರ್‌ಮ್ಯಾಪ್‌ನಲ್ಲಿ ಐದೇ ಬಣ್ಣ ಕೊಟ್ಟು, ಯಾವ ಅಂಕಿಗೆ ಬಣ್ಣ ಬದಲಾಗಬೇಕು ಅಂತ ಹೇಳುವ ಬೌಂಡರಿ ನಾರ್ಮ್‌ನಲ್ಲಿ ನಡುವಿನ ಗಡಿಗಳನ್ನು -59.5, -19.5, 19.5, 59.5 ಅಂತ ಹಾಕಿ. ಸರಿಯಾಗಿ -20 ಅಂತ ಕೊಟ್ಟರೆ -20 ಬಂದ ತಾಲೂಕು ವಾಡಿಕೆ ಗುಂಪಿಗೆ ಸೇರಿಬಿಡುತ್ತದೆ. ಇದನ್ನು ಬಳಸುವಾಗ ಸೆಂಟರ್ ತೆಗೆಯಿರಿ.

ಮಳೆಲೆಕ್ಕ_ಕೊಪ್ಪಳ:
ಡಿಕ್ಷನರಿ ಕೆಲಸ ಮಾಡಿತು, ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಐದು ಬಣ್ಣದ್ದೇ ಇಟ್ಟುಕೊಳ್ಳುತ್ತೇನೆ. ಆದ್ರೆ ಪಂಚಾಯಿತಿ ಬೋರ್ಡಿಗೆ ಅಂಟಿಸೋದು ಕಪ್ಪು-ಬಿಳುಪು ಜೆರಾಕ್ಸ್.

ಬಳ್ಳಾರಿ_ಡೇಟಾ:
ಹಾಗಾದರೆ ಎರಡೂ ತುದಿ ಒಂದೇ ಥರ ಕಪ್ಪಾಗಿ ಬರುತ್ತವೆ. ಆನಾಟ್ ಅನ್ನೋದನ್ನ ಟ್ರೂ ಮಾಡಿ, ಪ್ರತಿ ಚೌಕದಲ್ಲೂ ಅಂಕಿ ಬರುತ್ತದೆ, ಪ್ಲಸ್ ಮೈನಸ್ ಗುರುತು ಸಮೇತ ಬರೋ ಹಾಗೆ ಫಾರ್ಮ್ಯಾಟ್ ಕೊಡಿ.