ಪದಚರ್ಚೆ: ಐಹೊಳೆಯ ‘ಮೋರೇರ ಮನಿ’ ಮೌರ್ಯರದ್ದಾ?

ಎಲ್ಲರಿಗೂ ಶರಣು.

ಕಬ್ಬಿಣ ಯುಗದ ಹೊಸ ಸಂಶೋಧನೆಗಳ ಬಗ್ಗೆ ಶಾಲೆ ಮಕ್ಕಳಿಗಾಗಿ ಪುಟ್ಟದೊಂದು ಬರಹ ಬರೆಯುತ್ತಿದ್ದೇನೆ. ಒಂದು ಪದದ ಹತ್ತಿರ ಬಂದು ಗಾಡಿ ನಿಂತಿದೆ.

ಹೋದ ತಿಂಗಳು ಐಹೊಳೆಗೆ ಹೋಗಿದ್ದೆ. ಜಾಸ್ತಿ ಜನ ದುರ್ಗದ ಗುಡಿ ನೋಡಿ ಬಸ್ಸು ಹತ್ತಿಬಿಡುತ್ತಾರೆ. ನಾನು ಮೇಗುಟಿ ಗುಡ್ಡ ಹತ್ತಿದೆ. ಗುಡಿಯ ಹಿಂದೆ ಕಲ್ಲಿನ ಗೂಡುಗಳಿವೆಯಲ್ಲ, ಅವನ್ನು ನೋಡಬೇಕಿತ್ತು. ಮೂರು ಕಡೆ ಕಲ್ಲು ನಿಲ್ಲಿಸಿ, ಮೇಲೊಂದು ದೊಡ್ಡ ಚಪ್ಪಡಿ ಹೊದಿಸಿ, ಮುಂದಿನ ಕಲ್ಲಿಗೆ ದುಂಡನೆಯ ಕಿಂಡಿ ಕೊರೆದಿದ್ದಾರೆ. ಪುಸ್ತಕಗಳಲ್ಲಿ ಡಾಲ್ಮೆನ್ ಎಂದು ಬರುವುದು ಇವೇ. ಅಲ್ಲಿ ಕುರಿ ಕಾಯುತ್ತಿದ್ದ ಒಬ್ಬ ಕಾಕಾನನ್ನು ಕೇಳಿದೆ. “ಮೋರೇರ ಮನಿ ರೀ. ನಮ್ಮ ಮುತ್ಯಾ ದೇಸಾಯರ ಮನಿ ಅಂತಿದ್ದ” ಅಂದರು.

ಮನೆಗೆ ಬಂದವನು ಸುಮ್ನೆ ಇರಲಿಲ್ಲ. ದೊಡ್ಡ ಜಾಣನಂತೆ ‘ಮೌರ್ಯರ ಮನೆ’ ಎಂದು ತಿದ್ದಿ ಬರೆದೆ. ಹಾಗೆ ತಿದ್ದಿದ್ದು ಸರಿಯಾ ಅನ್ನುವುದೇ ಈಗಿನ ತಕರಾರು.

ಮೌರ್ಯ ಅನ್ನುವ ಪಕ್ಷಕ್ಕೆ ಬಲವಿಲ್ಲ ಅಂತಲ್ಲ. ಪಾಳಿಯಲ್ಲಿ ಮೌರ್ಯರು ‘ಮೋರಿಯ’ರೇ. ತಮಿಳಿನ ಸಂಗಂ ಕವಿತೆಗಳಲ್ಲೂ ‘ಮೋರಿಯರ್’ ಬರುತ್ತಾರೆ. ಅವರ ತೇರಿನ ಗಾಲಿ ಉರುಳಲೆಂದು ಬೆಟ್ಟವನ್ನೇ ಕಡಿದರು ಎಂಬ ಮಾತು ಅಗನಾನೂರು ಎಂಬ ಸಂಗಂ ಸಂಕಲನದಲ್ಲಿದೆ. ಮರಾಠಿಯ ‘ಮೋರೆ’ ಅಡ್ಡಹೆಸರನ್ನೂ ಮೌರ್ಯಕ್ಕೇ ಜೋಡಿಸುತ್ತಾರೆ. ಬೆಳಗಾವಿ ಕಡೆಯವರಿಗೆ ಮೋರೆಯವರು ಹೊಸಬರಲ್ಲ. ಇನ್ನೂ ಒಂದು ತಮಾಷೆ ಇದೆ. ಅದೇ ಮೇಗುಟಿ ಗುಡಿಯ ಗೋಡೆಯಲ್ಲಿ ರವಿಕೀರ್ತಿಯ ಶಾಸನವಿದೆ, ಕ್ರಿ.ಶ. 634ರದ್ದು. ಅದರಲ್ಲಿ ಪುಲಿಕೇಶಿಯ ಅಪ್ಪ ಕೀರ್ತಿವರ್ಮನನ್ನು ‘ನಳ ಮೌರ್ಯ ಕದಂಬರಿಗೆ ಕಾಳರಾತ್ರಿ’ ಎಂದು ಹೊಗಳಿದ್ದಾರೆ. ಗುಡಿಯ ಗೋಡೆ ಮೇಲೆ ಮೌರ್ಯರು, ಗುಡಿಯ ಹಿಂದೆ ಮೋರೇರು! ಆದರೆ ಶಾಸನದವರು ಕೊಂಕಣದ ಮೌರ್ಯರು. ಅಶೋಕನಿಗೂ ಅವರಿಗೂ ನಡುವೆ ಎಂಟುನೂರು ವರ್ಷ.

ನನ್ನನ್ನು ತಡೆದದ್ದು ಮಾತ್ರ ಆ ಕಾಕಾನ ಮುತ್ಯಾ. ಅದೇ ಕಲ್ಲಿಗೆ ದೇಸಾಯರ ಮನಿ ಅನ್ನುತ್ತಿದ್ದರಂತಲ್ಲ? ಇದು ಬರೀ ಅವರ ಮನೆ ಮಾತಲ್ಲ, ಐಹೊಳೆಯಲ್ಲಿ ಎರಡೂ ಹೆಸರು ಚಾಲ್ತಿಯಲ್ಲಿವೆ. ಈ ಕಡೆಯ ಹಳೆಯ ಜಮೀನ್ದಾರರಾದ ದೇಸಾಯರು ಕಟ್ಟಿದರು ಎಂದು ಯಾರೂ ನಂಬುವುದಿಲ್ಲ. ದೇಸಗತಿ ವಾಡೆಗಳು ನಿನ್ನೆ ಮೊನ್ನೆಯವು. ಯಾರು ಕಟ್ಟಿದರೋ ಗೊತ್ತಿಲ್ಲದ ದೊಡ್ಡ ಕಲ್ಲುಕೆಲಸಕ್ಕೆ ತಮಗೆ ಗೊತ್ತಿದ್ದ ದೊಡ್ಡವರ ಹೆಸರು ಇಟ್ಟಿದ್ದಾರೆ, ಅಷ್ಟೇ. ಹಾಗಿದ್ದ ಮೇಲೆ ‘ಮೋರೇರ’ ಎಂಬ ಹೆಸರು ಮಾತ್ರ ಇತಿಹಾಸದ ಸಾಕ್ಷಿ ಹೇಗಾಗುತ್ತದೆ?

ಅದೂ ಅಲ್ಲದೆ ಕಥೆಯ ಮೋರೇರು ರಾಜರಲ್ಲ. ಗಂಗಾವತಿ ಹತ್ತಿರದ ಹಿರೇಬೆಣಕಲ್‌ನಲ್ಲಿ ಇಂಥ ನೂರಾರು ಗೂಡುಗಳಿವೆ. ಅಲ್ಲಿನವರು ಹೇಳುವ ಮೋರ್ಯರು ಗಿಡ್ಡ ಜನ, ಆದರೆ ಭಾರೀ ಶಕ್ತಿವಂತರು. ಆ ಕಿಂಡಿ ನೋಡಿದರೆ ಕಥೆ ಹುಟ್ಟಿದ್ದು ಹೇಗೆ ಅಂತ ತಿಳಿಯುತ್ತದೆ. ಅದರಲ್ಲಿ ತೂರಬೇಕಾದರೆ ಗಿಡ್ಡರೇ ಆಗಬೇಕು. ಅವು ಮನೆಯಲ್ಲ, ಸತ್ತವರಿಗಾಗಿ ಕಟ್ಟಿದ್ದು ಅನ್ನುವುದು ಬೇರೆ ಮಾತು.

ಕಾಲದ ಲೆಕ್ಕವೂ ಹೊಂದುವುದಿಲ್ಲ. 1947ರಲ್ಲಿ ಪುರಾತತ್ವಜ್ಞ ವ್ಹೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆದಾಗ ಈ ಸಮಾಧಿಗಳು ಕ್ರಿ.ಪೂ. 200ರ ಸುಮಾರಿಗೆ ಶುರುವಾದವು ಅಂದಿದ್ದರು. ಆ ಲೆಕ್ಕದಲ್ಲಿ ಮೌರ್ಯರ ಹೆಸರು ಸಲೀಸಾಗಿ ಕೂರುತ್ತಿತ್ತು. ಈ ಸಮಾಧಿ ಕಟ್ಟಿದವರು ಕಬ್ಬಿಣ ಬಳಸುತ್ತಿದ್ದವರು, ಹಾಗಾಗಿ ಕಬ್ಬಿಣದ ಕಾಲವನ್ನೂ ನೋಡಬೇಕು. ಆಮೇಲೆ ಹಾವೇರಿ ಜಿಲ್ಲೆಯ ಹಳ್ಳೂರಿನ ಕಬ್ಬಿಣ ಕ್ರಿ.ಪೂ. 1000ದ ಸುಮಾರಿಗೆ ಹೋಯಿತು. 2025ರ ಜನವರಿಯಲ್ಲಿ ತಮಿಳುನಾಡು ಪುರಾತತ್ವ ಇಲಾಖೆಯ ವರದಿ ಬಂತಲ್ಲ, ಅದರಲ್ಲಿ ಶಿವಗಲೈನ ಕಬ್ಬಿಣವನ್ನು ಕ್ರಿ.ಪೂ. 3345ರವರೆಗೂ ಎಳೆದಿದ್ದಾರೆ. ಅದರ ಮೇಲೆ ವಾದ ಇನ್ನೂ ನಡೆದಿದೆ, ನಾನಂತೂ ಪೂರ್ತಿ ಒಪ್ಪಿಲ್ಲ. ಆದರೂ ಈ ಸಮಾಧಿ ಕಟ್ಟುವ ಪದ್ಧತಿ ಮೌರ್ಯರಿಗಿಂತ ಎಷ್ಟೋ ಹಿಂದೆ ಶುರುವಾಯಿತು, ಅವರ ಕಾಲದಲ್ಲೂ ನಡೆದಿತ್ತು ಅನ್ನುವುದರಲ್ಲಿ ಅನುಮಾನವಿಲ್ಲ.

(ಇಲ್ಲೇ ಇನ್ನೊಂದು ಸಿಟ್ಟು ಹೇಳಿಬಿಡುತ್ತೇನೆ. ಈ ಸಮಾಧಿಗಳ ಕಾಲಕ್ಕೆ ‘ಬೃಹತ್ ಶಿಲಾಯುಗ’ ಅಂತ ಬರೆಯುತ್ತೇವಲ್ಲ, ಮಕ್ಕಳು ಅದನ್ನು ಹಳೆ ಶಿಲಾಯುಗ, ನವ ಶಿಲಾಯುಗದ ಸಾಲಿಗೆ ಸೇರಿಸಿ ಇನ್ನೊಂದು ಕಲ್ಲಿನ ಯುಗ ಅಂದುಕೊಳ್ಳುತ್ತಾರೆ. ಆ ಜನರ ಕೈಯಲ್ಲಿ ಕಬ್ಬಿಣವಿತ್ತು! ನಾನು ‘ದೊಡ್ಡಗಲ್ಲಿನ ಸಮಾಧಿ’ ಅನ್ನುತ್ತೇನೆ, ‘ಯುಗ’ ಬಿಟ್ಟುಬಿಟ್ಟೆ.)

ಹಾಗಾದರೆ ಮೋರೇರು ಯಾರು? ನನ್ನ ತಲೆಯಲ್ಲಿ ಒಂದು ಊಹೆ ಸುಳಿದಿದೆ. ಹಳಗನ್ನಡದಲ್ಲಿ ‘ಮೊರಡಿ’ ಅಂದರೆ ಕಲ್ಲುದಿಬ್ಬ. ನಾವೀಗ ಮರಡಿ ಅನ್ನುತ್ತೇವೆ. ಈ ಗೂಡುಗಳಿರುವುದೂ ಅಂಥ ಕಡೆಯೇ. ಮೊರಡಿಯವರು ಸವೆದು ಮೊರೇರು ಆಗಿರಬಹುದಾ? ನಡುವಿನ ಡಕಾರ ಎಲ್ಲಿ ಹೋಯಿತು ಎಂದು ಯಾರಾದರೂ ಕೇಳಿದರೆ ನಾನು ಸೋತೆ. ಗೆಳೆಯನೊಬ್ಬ ‘ಮೋರಿ’ಯಿಂದ ಬಂದಿರಬೇಕು, ರಸ್ತೆ ಮೋರಿಯ ಹಾಗೇ ಇವೆಯಲ್ಲ ಅಂದ. ನಕ್ಕು ಬಿಟ್ಟೆ.

‘ತಟ್ಟೆ’ಯದೂ ಒಂದು ಗೊಂದಲ. ಕೆಲವರು ‘ಮೋರೇರ ತಟ್ಟೆ’ ಅನ್ನುತ್ತಾರೆ. ಅದನ್ನು ಊಟದ ತಟ್ಟೆ ಅಂದುಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ನಮ್ಮ ಕಡೆ ಉಣ್ಣುವುದು ತಾಟಿನಲ್ಲಿ, ಗಂಗಾಳದಲ್ಲಿ. ಮೇಲಿನ ಚಪ್ಪಟೆ ಕಲ್ಲಿಗೆ ತಟ್ಟೆ ಅಂದರಾ, ಅಥವಾ ಮರೆಗೆ ಕಟ್ಟುವ ‘ತಟ್ಟಿ’ ಹೀಗಾಯಿತಾ?

ಸದ್ಯಕ್ಕೆ ‘ಮೌರ್ಯರ’ ಹೊಡೆದುಹಾಕಿ ‘ಮೋರೇರ ಮನೆ’ ಎಂದೇ ಇಟ್ಟಿದ್ದೇನೆ. ಡಾಲ್ಮೆನ್ ಅನ್ನುವುದೂ ಫ್ರಾನ್ಸಿನ ಬ್ರೆಟನ್ ಹಳ್ಳಿಗರ ಮಾತಿನಿಂದ ಕಟ್ಟಿದ್ದೇ, ಅರ್ಥ ಕಲ್ಲಿನ ಮೇಜು. ಅವರ ಹಳ್ಳಿ ಮಾತು ಪಾರಿಭಾಷಿಕ ಆಗಬಹುದಾದರೆ ನಮ್ಮದು ಯಾಕಾಗಬಾರದು?

ನಿಮ್ಮಲ್ಲಿ ಐಹೊಳೆ, ಅಮೀನಗಡ, ಹುನಗುಂದ ಕಡೆಯವರು ಇದ್ದರೆ ಒಂದು ಹೇಳಿ. ನಿಮ್ಮ ಮನೆಯ ಹಿರಿಯರ ಬಾಯಲ್ಲಿ ಅದು ‘ಮೊರೇರ’ ಅಂತ ಗಿಡ್ಡ ಬರುತ್ತದಾ, ‘ಮೋರೇರ’ ಅಂತ ಉದ್ದ ಬರುತ್ತದಾ? ಗೋಕಾಕದ ಹತ್ತಿರ ಕೊಣ್ಣೂರಲ್ಲೂ ಇಂಥ ಕಲ್ಲುಗೂಡುಗಳಿವೆ, ಅಲ್ಲಿನವರು ಏನು ಕರೆಯುತ್ತೀರಿ? ಪುಸ್ತಕದಲ್ಲಿ ಓದಿದ್ದು ಬೇಡ, ಕೇಳಿದ್ದನ್ನು ಕೇಳಿದ ಹಾಗೆ ಬರೆಯಿರಿ.