ನವೀಕರಣದ ನಂತರ ಮನೆಯೊಳಗೆ ಘಾಟು, ಕಣ್ಣುರಿ: ಕಾರಣವೇನು?

ಪ್ರಶ್ನೆ (ಕಾರವಾರ):
ನಮ್ಮ ಹಳೆಯ ಹೆಂಚಿನ ಮನೆಯನ್ನು ಬೇಸಿಗೆಯಲ್ಲಿ ನವೀಕರಿಸಿ, ಎಂಡಿಎಫ್ (ಮರದ ನಾರನ್ನು ಅಂಟು ಹಾಕಿ ಒತ್ತಿದ) ಹಲಗೆಯ ಕಪಾಟು, ಫಾಲ್ಸ್ ಸೀಲಿಂಗ್ ಹಾಗೂ ಹೊಸ ಬಣ್ಣ ಮಾಡಿಸಿದೆವು. ಮಳೆ ಹಿಡಿದು ಕಿಟಕಿ ಮುಚ್ಚಿದಾಗಿನಿಂದ ಕಪಾಟು ತೆರೆದರೆ ಘಾಟು ಹೊಡೆಯುತ್ತದೆ, ಕಣ್ಣು ಉರಿಯುತ್ತದೆ. ಅತ್ತೆಯವರಿಗೆ ರಾತ್ರಿಯಿಡೀ ಕೆಮ್ಮು. ಏರ್ ಪ್ಯೂರಿಫೈಯರ್ ಕೊಂಡರೆ ಸಾಕೇ?

ಉತ್ತರ (ಶಿರಸಿ):
ಘಾಟು ಕಪಾಟಿನೊಳಗೇ ಹೆಚ್ಚಿದ್ದರೆ ನನ್ನ ಅನುಮಾನ ಬಣ್ಣಕ್ಕಿಂತ ಹಲಗೆಯ ಮೇಲೆ. ಎಂಡಿಎಫ್‌ನ ನಾರುಗಳನ್ನು ಸಾಮಾನ್ಯವಾಗಿ ಬೆಸೆಯುವ ಯೂರಿಯಾ-ಫಾರ್ಮಾಲ್ಡಿಹೈಡ್ ಅಂಟು, ತೇವ ಮತ್ತು ಸೆಕೆ ಹೆಚ್ಚಿದಂತೆಲ್ಲ ಕಣ್ಣು, ಗಂಟಲು ಉರಿಸುವ ಫಾರ್ಮಾಲ್ಡಿಹೈಡ್ ಅನಿಲವನ್ನು ಹೆಚ್ಚು ಬಿಡುತ್ತದೆ. ನಿಮ್ಮ ಕರಾವಳಿಯ ಹವೆಯಲ್ಲಿ ಇವೆರಡಕ್ಕೂ ಬರವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2010ರಲ್ಲಿ ಒಳಾಂಗಣದಲ್ಲಿ ಈ ಅನಿಲಕ್ಕೆ ಸೂಚಿಸಿದ ಮಿತಿ, 30 ನಿಮಿಷಗಳ ಸರಾಸರಿಯಲ್ಲಿ, ಘನಮೀಟರಿಗೆ 0.1 ಮಿಲಿಗ್ರಾಂ. ಪ್ಯೂರಿಫೈಯರಿನ ಹೆಪಾ ಫಿಲ್ಟರ್ ಧೂಳಿನ ಕಣಗಳನ್ನು ಹಿಡಿಯುತ್ತದೆಯೇ ಹೊರತು ಅನಿಲವನ್ನಲ್ಲ. ಅನಿಲ ಹೀರುವ ಸಕ್ರಿಯ ಇಂಗಾಲದ ಪದರವೂ ತುಂಬಿದ ಮೇಲೆ ನಿರುಪಯುಕ್ತ. ಮೊದಲು ಲ್ಯಾಮಿನೇಟ್ ಇಲ್ಲದ ಹಿಂಬದಿ, ಅಂಚು, ಸ್ಕ್ರೂ ತೂತುಗಳನ್ನು ಮುಚ್ಚಿಸಿ.

ಉತ್ತರ (ಕುಮಟಾ):
ಮೇಲಿನ ಮಾತು ಸರಿಯೇ. ಆದರೆ ಕೆಮ್ಮಿಗೆ ಬೂಷ್ಟೂ ಕಾರಣವಾಗಿರಬಹುದು. ಹೆಂಚಿನ ಕೆಳಗೆ ಫಾಲ್ಸ್ ಸೀಲಿಂಗ್ ಹೊಡೆಸಿದರೆ ಸೋರಿಕೆ ಕಣ್ಣಿಗೆ ಬೀಳುವುದಿಲ್ಲ, ಜಿಪ್ಸಂ ಹಲಗೆಯ ಕಾಗದದ ಮೇಲೆ ಬೂಷ್ಟು ಆರಾಮವಾಗಿ ಬೆಳೆಯುತ್ತದೆ. ಒಂದು ಮೂಲೆ ಬಿಚ್ಚಿಸಿ ನೋಡಿ. ಬೂಷ್ಟಿನ ಮೇಲೆ ಬಣ್ಣ ಬಳಿಸುವುದು ವ್ಯರ್ಥ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಈ ಮಳೆಯಲ್ಲಿ ಕಿಟಕಿ ತೆರೆಯುವುದು ಹೇಗೆ?

ಉತ್ತರ (ಶಿರಸಿ):
ಗಾಳಿಮಳೆ ಬಡಿಯದ ಬದಿಯ ಒಂದು ಕಿಟಕಿಯನ್ನು ಸ್ವಲ್ಪ ತೆರೆದು, ಎದುರು ಬದಿಯಲ್ಲಿ ಎಕ್ಸಾಸ್ಟ್ ಫ್ಯಾನ್ ಓಡಿಸಿ. ಅತ್ತೆಯವರನ್ನು ಸದ್ಯ ಬೇರೆ ಕೋಣೆಯಲ್ಲಿ ಮಲಗಿಸಿ, ವೈದ್ಯರಿಗೂ ತೋರಿಸಿ. ಘಾಟು ಮುಚ್ಚಲು ಊದುಬತ್ತಿ ಮಾತ್ರ ಹಚ್ಚಬೇಡಿ.